ಹಾಡಿನ ಹಿಂದೆ ಒಂದು ಕಥೆ



ನಮ್ಮಲ್ಲಿ ಹಾಡು ಬಾರದ ಹೆಣ್ಣುಮಗಳು ಯಾರಿದ್ದಾರೆ? ಹುಡುಕಿದರೂ ಸಿಗುವುದು ಕಷ್ಟ. ಅಕ್ಷರ ಕಲಿಯುವ ಮೊದಲೇ ನಾವು ಹಾಡು ಕಲಿತಿದ್ದೇವೆ. ತೊಟ್ಟಿಲು ತೂಗುವಾಗ ಹಾಡು. ಸಸಿ ನೆಡುವಾಗ ಹಾಡು. ಕಳೆ ಕೀಳುವಾಗ ಹಾಡು. ಮದುವೆಯಲ್ಲಿ ಅರಿಸಿನ ಹಚ್ಚುವಾಗ ಸೋಬಾನೆ ಪದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಣ್ಣೀರಿನ ಹಾಡು. ಈಗ ರೇಡಿಯೋದಲ್ಲಿ, ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಕೂಡ ಹಾಡು.

ಹಾಡು ಕೇಳುತ್ತೇವೆ. ನಾವೂ ಹಾಡುತ್ತೇವೆ. "ರಾಗ ಚೆನ್ನಾಗಿದೆ" ಅನ್ನುತ್ತೇವೆ. ಅಷ್ಟಕ್ಕೇ ಬಿಡುತ್ತೇವೆ. ಈ ಹಾಡನ್ನು ಕಟ್ಟಿದವರು ಯಾರು? ಯಾಕೆ ಕಟ್ಟಿದರು? ಹಾಡಿನೊಳಗೆ ಮಾತಾಡುವವರು ಯಾರು? ಹೀಗೆ ಕೇಳುವ ರೂಢಿ ನಮಗೆ ಇಲ್ಲ.

ಕೇಳಿ ನೋಡಬೇಕು. ಹಾಡಿನ ಹಿಂದೆ ಒಂದು ಕಥೆ ಇರುತ್ತದೆ. ಒಂದು ಮನೆ ಇರುತ್ತದೆ. ಯಾರದೋ ಸುಖ, ಯಾರದೋ ಸಂಕಟ ಇರುತ್ತದೆ. ಅದು ಗೊತ್ತಾದ ಮೇಲೆ ಅದೇ ಹಾಡು ಬೇರೆಯಾಗಿ ಕೇಳಿಸುತ್ತದೆ. ಈ ಪಾಠದಲ್ಲಿ ಅಂಥ ಕೆಲವು ಹಾಡುಗಳ ಕಥೆ ಓದೋಣ. ಆಮೇಲೆ ನಮ್ಮ ಹಾಡುಗಳ ಕಡೆ ಬರೋಣ.

ಒಂದು ನೋಟದ ಹಾಡು

ದ.ರಾ. ಬೇಂದ್ರೆ ಅವರ ಹೆಸರು ನೀವು ಕೇಳಿರಬಹುದು. ಧಾರವಾಡದ ಕವಿ. ಹುಟ್ಟಿದ್ದು 1896ರಲ್ಲಿ. ತೀರಿಕೊಂಡದ್ದು 1981ರಲ್ಲಿ. ಅವರ ಹಾಡುಗಳು ನಮ್ಮ ಆಡುಮಾತಿನ ಹಾಗೆಯೇ ಇರುತ್ತವೆ. ಅದಕ್ಕೇ ಓದು ಬಾರದವರ ಬಾಯಲ್ಲೂ ನಿಂತಿವೆ.

ಅವರ ಒಂದು ಹಾಡಿನ ಹೆಸರು 'ನೀ ಹೀಂಗ ನೋಡಬ್ಯಾಡ ನನ್ನ'. ಈ ಹಾಡು ಬಹಳ ಜನರಿಗೆ ಗೊತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಮನೆ ಮನೆಯಲ್ಲಿ ಕೇಳಿಸುತ್ತಿತ್ತು. ಗಂಡ ಹೆಂಡತಿಗೆ ಹೇಳುತ್ತಾನೆ: ನೀನು ನನ್ನನ್ನು ಆ ರೀತಿ ನೋಡಬೇಡ ಎಂದು. ಹೆಸರು ಕೇಳಿದವರು ಏನು ತಿಳಿಯುತ್ತಾರೆ? ಗಂಡ-ಹೆಂಡಿರ ಸರಸದ ಹಾಡು ಅಂದುಕೊಳ್ಳುತ್ತಾರೆ. ನಗುತ್ತಾರೆ.

ಇದು ಸರಸದ ಹಾಡು ಅಲ್ಲ. ಇದು ಮಗು ಸತ್ತ ಮನೆಯ ಹಾಡು.

ಬೇಂದ್ರೆ ದಂಪತಿ ಹಲವು ಮಕ್ಕಳನ್ನು ಕಳೆದುಕೊಂಡರು. ಮಗು ಕಣ್ಣ ಮುಂದೆಯೇ ಹೋಯಿತು. ತಾಯಿ ಬಾಯಿ ಬಿಡಲಿಲ್ಲ. ಗಂಡನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಎಲ್ಲ ಪ್ರಶ್ನೆಯೂ ಇತ್ತು. ಗಂಡ ಏನು ಉತ್ತರ ಕೊಡಬೇಕು? ಅವನ ಎದೆಯೂ ಒಡೆದಿದೆ. ನೀನು ಹೀಗೆ ನೋಡಿದರೆ ನಾನು ನಿನ್ನ ಮುಖವನ್ನು ಹೇಗೆ ನೋಡಲಿ ಎಂದು ಅವನು ಬೇಡಿಕೊಳ್ಳುತ್ತಾನೆ. ಅದೇ ಈ ಹಾಡು.

ಈ ಕಥೆ ತಿಳಿದ ಮೇಲೆ ಹಾಡನ್ನು ಮತ್ತೊಮ್ಮೆ ಕೇಳಿ. ರಾಗ ಅದೇ. ಪದ ಅದೇ. ಆದರೆ ನಗು ಬರುವುದಿಲ್ಲ. ಮಗು ಕಳೆದುಕೊಂಡ ತಾಯಂದಿರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಹಾಡನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ವಿಷಯ. ಬೇಂದ್ರೆ ತಮ್ಮ ಕವಿತೆಗಳಿಗೆ ಬೇರೆ ಹೆಸರು ಇಟ್ಟುಕೊಂಡಿದ್ದರು. 'ಅಂಬಿಕಾತನಯದತ್ತ' ಎಂದು. ಹಾಗೆಂದರೆ ಅಂಬಿಕೆಯ ಮಗ ದತ್ತ. ಅಂಬಿಕೆ ಅವರ ತಾಯಿ. ಬೇಂದ್ರೆ ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಸಾಕಿದ್ದು ತಾಯಿ ಮತ್ತು ಅಜ್ಜಿ. ಮಗ ದೊಡ್ಡ ಕವಿಯಾದ. 1973ರ ಜ್ಞಾನಪೀಠ ಪ್ರಶಸ್ತಿ ಪಡೆದ. ತಾಯಿಯ ಹೆಸರನ್ನು ಮುಂದೆ ಇಟ್ಟುಕೊಂಡೇ ಹಾಡು ಬರೆದ.

ಕಟ್ಟಿದವರ ಗುರುತು

ಹಾಡು ಕಟ್ಟಿದವರು ಯಾರು ಎಂದು ತಿಳಿಯುವುದು ಹೇಗೆ? ಕೆಲವು ಹಾಡುಗಳಲ್ಲಿ ಗುರುತು ಒಳಗೇ ಇರುತ್ತದೆ. ಕೊನೆಯ ಸಾಲು ಗಮನವಿಟ್ಟು ಕೇಳಿ. ಅಲ್ಲಿ ಒಂದು ಹೆಸರು ಬರುತ್ತದೆ. ಅದಕ್ಕೆ ಅಂಕಿತ ಅನ್ನುತ್ತಾರೆ. ನಾವು ಅರ್ಜಿಯ ಕೆಳಗೆ ಸಹಿ ಹಾಕುತ್ತೇವಲ್ಲ, ಹಾಗೆ.

ಪುರಂದರದಾಸರ ಪದದಲ್ಲಿ 'ಪುರಂದರವಿಠಲ' ಎಂದು ಬರುತ್ತದೆ. ಅಕ್ಕಮಹಾದೇವಿಯ ವಚನದಲ್ಲಿ 'ಚೆನ್ನಮಲ್ಲಿಕಾರ್ಜುನ' ಎಂದು ಬರುತ್ತದೆ. ಅಕ್ಕ ಇದ್ದದ್ದು 12ನೆಯ ಶತಮಾನದಲ್ಲಿ. ಅಂದರೆ ಸುಮಾರು 850 ವರ್ಷದ ಹಿಂದೆ. ಆ ಸಹಿ ಇನ್ನೂ ಅಳಿಸಿಲ್ಲ.

ಹೆಳವನಕಟ್ಟೆ ಗಿರಿಯಮ್ಮ ಎಂಬ ತಾಯಿ ಇದ್ದಳು. ರಾಣೆಬೆನ್ನೂರಿನವಳು. 18ನೆಯ ಶತಮಾನದವಳು. ದೇವರ ಹಾಡು ಕಟ್ಟಿದಳು. ಚಂದ್ರಹಾಸನ ಕಥೆಯನ್ನು ಹಾಡಾಗಿ ಹೇಳಿದಳು. ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಹಾಡುವ ಹಾಗೆ ಕಟ್ಟಿದಳು. ಹೆಳವನಕಟ್ಟೆಯ ರಂಗನಾಥನ ಹೆಸರೇ ಅವಳ ಅಂಕಿತ. ಆ ಅಂಕಿತ ಇದ್ದದ್ದರಿಂದ ಇವತ್ತಿಗೂ ಇವು ಗಿರಿಯಮ್ಮನ ಹಾಡು ಎಂದು ಗುರುತು ಹಿಡಿಯುತ್ತೇವೆ.

ಒರಳು, ಒನಕೆ, ಬೀಸುಕಲ್ಲು

ಶಿಶುನಾಳ ಶರೀಫರ ಪದ ಕೇಳದವರು ಯಾರು? ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಅವರ ಊರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಮುಸ್ಲಿಮರ ಮನೆಯಲ್ಲಿ ಹುಟ್ಟಿದವರು. ಅವರ ಗುರು ಕಳಸದ ಗೋವಿಂದ ಭಟ್ಟರು, ಬ್ರಾಹ್ಮಣರು. ಗುರು-ಶಿಷ್ಯರಿಗೆ ಜಾತಿ ಅಡ್ಡ ಬರಲಿಲ್ಲ. ಶರೀಫರು ತಮ್ಮ ಪದಗಳಲ್ಲಿ ಗುರುವಿನ ಹೆಸರನ್ನೂ ಸೇರಿಸಿದರು. ಶಿಶುನಾಳದ ದೇವರ ಹೆಸರನ್ನು ಅಂಕಿತ ಮಾಡಿಕೊಂಡರು.

ಶರೀಫರ ಒಂದು ಪದದಲ್ಲಿ ಕೋಳಿ ಹೋಗಿ ಕೋಡಗವನ್ನು ನುಂಗುತ್ತದೆ. ಕೋಡಗ ಅಂದರೆ ಮಂಗ. ಕೇಳಿದ ಮಕ್ಕಳು ಹೊಟ್ಟೆ ಹಿಡಿದು ನಗುತ್ತವೆ. ಮುಂದೆ ಒರಳು ಬರುತ್ತದೆ. ಒನಕೆ ಬರುತ್ತದೆ. ಬೀಸುಕಲ್ಲು ಬರುತ್ತದೆ. ಎಲ್ಲ ನಮ್ಮ ಅಡುಗೆಮನೆಯ ಸಾಮಾನು! ಒಂದನ್ನೊಂದು ನುಂಗುತ್ತ ಹೋಗುತ್ತವೆ. ಕೊನೆಗೆ ಗುರುವಿನ ಪಾದ ಬರುತ್ತದೆ. ಹಿರಿಯರು ಇದರ ಅರ್ಥ ಹೀಗೆ ಹೇಳುತ್ತಾರೆ: 'ನಾನು ದೊಡ್ಡವನು' ಎಂಬ ಸೊಕ್ಕು ಇದೆಯಲ್ಲ, ಅದನ್ನು ಗುರು ಕೊಟ್ಟ ಸಣ್ಣ ಅರಿವು ನುಂಗಿಬಿಡುತ್ತದೆ.

ಇನ್ನೊಂದು ಪದದಲ್ಲಿ ಮನೆಯ ಮಾಳಿಗೆ ಸೋರುತ್ತದೆ. ಮಣ್ಣಿನ ಮಾಳಿಗೆಯಲ್ಲಿ ಬಾಳಿದವರಿಗೆ ಅದರ ಕಷ್ಟ ಗೊತ್ತು. ಆದರೆ ಇದು ಬರೀ ಮಾಳಿಗೆಯ ಮಾತಲ್ಲ. ಅರಿವಿಲ್ಲದ ಮನುಷ್ಯನ ಬಾಳೂ ಹಾಗೇ ಸೋರುತ್ತದೆ ಎಂದು ಶರೀಫರು ಹೇಳುತ್ತಾರೆ.

ನೋಡಿ, ದೊಡ್ಡ ಮಾತು ಹೇಳಲು ಅವರು ದೂರ ಹೋಗಲಿಲ್ಲ. ಮನೆ, ಮಾಳಿಗೆ, ಕೋಳಿ, ಕಲ್ಲು ಸಾಕಾಯಿತು. ಅದಕ್ಕೇ ಜನ ಮರೆಯಲಿಲ್ಲ. ಭಜನೆಯವರು ಬಾಯಿಂದ ಬಾಯಿಗೆ ದಾಟಿಸಿದರು. ಆಮೇಲೆ ಬಲ್ಲವರು ಕೇಳಿ ಬರೆದುಕೊಂಡರು. ಪುಸ್ತಕವಾಯಿತು. ಸಿ. ಅಶ್ವತ್ಥ್ ಅವರು ರಾಗ ಹಾಕಿ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಶರೀಫರ ಬಗ್ಗೆ ಸಿನಿಮಾ ಮಾಡಿದರು. ಆಗ ಶರೀಫರ ಪದ ಇಡೀ ನಾಡಿಗೇ ಮುಟ್ಟಿತು. ಇದೂ ಹಾಡಿನ ಹಿಂದಿನ ಕಥೆಯೇ. ಹಾಡು ಹುಟ್ಟಿದ ಕಥೆ ಒಂದು. ಹಾಡು ನಡೆದು ಬಂದ ದಾರಿಯ ಕಥೆ ಇನ್ನೊಂದು.

ಸಹಿ ಇಲ್ಲದ ಹಾಡು

ಈಗ ನಮ್ಮ ಹಾಡಿಗೆ ಬರೋಣ. ನಮ್ಮ ಅವ್ವ ಹಾಡಿದ ಬೀಸುವ ಪದ. ಅಜ್ಜಿ ಹಾಡಿದ ಕುಟ್ಟುವ ಪದ. ಇವುಗಳಿಗೆ ಅಂಕಿತ ಇಲ್ಲ. ಯಾರ ಸಹಿಯೂ ಇಲ್ಲ. ಹಾಗಾದರೆ ಇವನ್ನು ಕಟ್ಟಿದವರು ಯಾರು?

ನಮ್ಮಂಥ ಹೆಣ್ಣುಮಕ್ಕಳೇ ಕಟ್ಟಿದರು.

ಊರಿಗೆ ಗಿರಣಿ ಬರುವ ಮೊದಲು ದಿನಾ ಹಿಟ್ಟು ಬೀಸಬೇಕಾಗಿತ್ತು. ಕೋಳಿ ಕೂಗುವ ಮೊದಲೇ ಏಳಬೇಕು. ಎಣ್ಣೆ ದೀಪದ ಬೆಳಕು. ಮನೆಯವರೆಲ್ಲ ಮಲಗಿರುತ್ತಾರೆ. ಅತ್ತಿಗೆ-ನಾದಿನಿ ಎದುರು ಬದುರು ಕುಳಿತು ಗೂಟ ಹಿಡಿಯುತ್ತಾರೆ. ಕಲ್ಲು ತಿರುಗುತ್ತದೆ. ತೋಳು ಸೋಲುತ್ತದೆ. ಆಗ ಹಾಡು ಬರುತ್ತದೆ. ಕಲ್ಲು ತಿರುಗುವ ಲೆಕ್ಕಕ್ಕೆ ಹಾಡಿನ ಲೆಕ್ಕ ಕೂಡುತ್ತದೆ. ಒಬ್ಬಳು ಒಂದು ಪದ ಎತ್ತಿದರೆ ಇನ್ನೊಬ್ಬಳು ಅದಕ್ಕೆ ಇನ್ನೊಂದು ಪದ ಸೇರಿಸುತ್ತಾಳೆ.

ಆ ಹೊತ್ತಿನಲ್ಲಿ ಹೆಣ್ಣುಮಗಳು ಏನು ಬೇಕಾದರೂ ಹೇಳಬಹುದಿತ್ತು. ತವರಿನ ನೆನಪು ಹೇಳಿದಳು. ಅಣ್ಣ ಬರಲಿಲ್ಲ ಎಂಬ ಕೊರಗು ಹೇಳಿದಳು. ಮಕ್ಕಳಿಲ್ಲದ ನೋವು ಹೇಳಿದಳು. ಮನೆ ತುಂಬ ಮಕ್ಕಳಿರುವ ಸಂತೋಷ ಹೇಳಿದಳು. ಅತ್ತೆಯ ಮುಂದೆ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಆಡಿದಳು. ಕಲ್ಲು ಕೇಳಿಸಿಕೊಂಡಿತು. ಚಾಡಿ ಹೇಳಲಿಲ್ಲ.

ಈ ಪದಗಳಿಗೆ ಸಾಮಾನ್ಯವಾಗಿ ಮೂರು ಸಾಲು. ಅದಕ್ಕೇ ತ್ರಿಪದಿ ಎಂದು ಹೆಸರು. ಇದು ಸಣ್ಣ ವಸ್ತುವಲ್ಲ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಅದು ಸುಮಾರು 1300 ವರ್ಷದ ಹಿಂದಿನದು. ಅದರಲ್ಲಿ ತ್ರಿಪದಿ ಇದೆ. ಕಲ್ಲಿನ ಮೇಲೆ ಕೆತ್ತಿದ್ದೂ ತ್ರಿಪದಿ, ಬೀಸುಕಲ್ಲಿನ ಮುಂದೆ ಹಾಡಿದ್ದೂ ತ್ರಿಪದಿ. ಹಾಗಿದ್ದರೂ ನಮ್ಮ ಅವ್ವಂದಿರು ಏನು ಅನ್ನುತ್ತಿದ್ದರು? "ನಮಗೇನು ಬರ್ತೈತಿ, ನಾವು ಹೆಬ್ಬೆಟ್ಟಿನವರು" ಅನ್ನುತ್ತಿದ್ದರು!

ಈ ಹಾಡುಗಳ ಬೆಲೆ ಕೆಲವರಿಗೆ ತಿಳಿಯಿತು. ವಿಜಯಪುರ ಜಿಲ್ಲೆಯಲ್ಲಿ ಹಲಸಂಗಿ ಎಂಬ ಊರಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಇದ್ದರು. ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಅವರು ಕೂಡಿಸಿ ಬರೆದರು. 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ಅಚ್ಚಾಯಿತು. ಪಂಡಿತರು ಓದಿ ಬೆರಗಾದರು. ಇಂಥ ಕವಿತೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳದೇ ಅಂದರು. ಇವತ್ತು ಕಾಲೇಜಿನಲ್ಲಿ ಇಂಥ ಹಾಡುಗಳನ್ನು ಪಾಠ ಮಾಡುತ್ತಾರೆ.

ಆದರೆ ಕಟ್ಟಿದ ತಾಯಂದಿರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ.

ಭಾಗೀರಥಿಯ ಹಾಡು

ಸಹಿ ಇಲ್ಲದ ಹಾಡುಗಳಲ್ಲಿ ದೊಡ್ಡದು 'ಕೆರೆಗೆ ಹಾರ'. ಇಲ್ಲಿ ಹಾರ ಅಂದರೆ ಬಲಿ. ಇದರ ಕಥೆ ಹೀಗಿದೆ.

ಕಲ್ಲನಕೇರಿ ಎಂಬ ಊರು. ಮಲ್ಲನಗೌಡ ಕೆರೆ ಕಟ್ಟಿಸಿದ. ಕೆರೆಯಲ್ಲಿ ಒಂದು ಹನಿ ನೀರು ಬರಲಿಲ್ಲ. ಗೌಡ ಜೋಯಿಸರನ್ನು ಕೇಳಿದ. ಮನೆಯ ಸೊಸೆಯನ್ನು ಕೆರೆಗೆ ಕೊಡಬೇಕು ಎಂದು ಉತ್ತರ ಬಂತು. ಹಿರಿಸೊಸೆಯನ್ನು ಕೊಟ್ಟರೆ ಮನೆ ನೋಡುವವರು ಯಾರು? ಆದ್ದರಿಂದ ಕಿರಿಸೊಸೆ ಭಾಗೀರಥಿಯನ್ನು ಕೊಡುವುದೆಂದು ಆಯಿತು. ಗಂಡ ಮಾದೇವರಾಯ ದಂಡಿನಲ್ಲಿದ್ದ. ಊರಲ್ಲಿ ಇರಲಿಲ್ಲ.

ಸುದ್ದಿ ಭಾಗೀರಥಿಗೆ ತಿಳಿಯಿತು. ಅವಳು ತವರಿಗೆ ಹೋದಳು. ಮಗಳ ಮುಖ ಬಾಡಿದೆ, ಯಾಕೆ ಎಂದು ತಂದೆ ಕೇಳಿದ. ಅವಳಿಗೆ ನಿಜ ಹೇಳಲು ಆಗಲಿಲ್ಲ. ನಮ್ಮನ್ನು ಬೇರೆ ಇಡುತ್ತಾರಂತೆ ಎಂದಳು. ಇಡಲಿ ಬಿಡು, ಹೊಲ ಮನೆ ಕೊಡಿಸುತ್ತೇನೆ ಎಂದ ತಂದೆ. ತಾಯಿಗೂ ಅದೇ ಮಾತು ಹೇಳಿದಳು. ತಾಯಿ ಒಡವೆ ಮಾಡಿಸಿ ಕೊಡುತ್ತೇನೆ ಎಂದಳು. ಅಲ್ಲಿಂದ ಗೆಳತಿಯ ಮನೆಗೆ ಹೋದಳು. ಗೆಳತಿಯ ಮುಂದೆ ಮಾತ್ರ ನಿಜ ಹೇಳಿದಳು. ಇಟ್ಟ ಹಾಗೆ ಇರಬೇಕು ಎಂದಳು ಗೆಳತಿ. ಬೇರೆ ಏನು ಹೇಳಲು ಸಾಧ್ಯವಿತ್ತು ಅವಳಿಗೆ?

ಭಾಗೀರಥಿ ಮರಳಿ ಬಂದಳು. ಮನೆಯವರು ಕೆರೆಗೆ ಗಂಗೆಪೂಜೆಗೆ ಹೋದರು. ಪೂಜೆ ಮುಗಿಸಿ ಎಲ್ಲರೂ ಹೊರಟರು. ಬಂಗಾರದ ಬಟ್ಟಲು ಅಲ್ಲೇ ಉಳಿಯಿತು. ಅದನ್ನು ತರಲು ಭಾಗೀರಥಿಯನ್ನು ಕಳಿಸಿದರು. ಅವಳು ಮೆಟ್ಟಿಲು ಏರಿ ಬರುವಾಗ ನೀರು ಬಂತು. ಪಾದ ಮುಟ್ಟಿತು. ನಡು ಮುಟ್ಟಿತು. ಕೊನೆಗೆ ಮುಳುಗಿಸಿತು.

ದಂಡಿನಲ್ಲಿದ್ದ ಮಾದೇವರಾಯನಿಗೆ ಕೆಟ್ಟ ಕನಸು ಬಿತ್ತು. ಕುದುರೆ ಏರಿ ಬಂದ. ಹೆಂಡತಿ ಎಲ್ಲಿ ಎಂದ. ತವರಿಗೆ ಹೋಗಿದ್ದಾಳೆ ಎಂದರು. ತವರಿಗೆ ಹೋದ. ಗೆಳತಿಯ ಮನೆಗೆ ಹೋದ. ಗೆಳತಿ ನಿಜ ಹೇಳಿದಳು. ಅವನು ಕೆರೆಯ ದಂಡೆಗೆ ಹೋಗಿ ಅತ್ತ. ತಾನೂ ಕೆರೆಗೆ ಹಾರಿದ.

ಇದು ಕಥೆ. ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನು ಓದಿದೆವು. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯಮ್ಮ, "ಆಕಿ ಪುಣ್ಯವಂತಿ. ಊರಿಗೆ ನೀರು ಕೊಟ್ಟು ಹೋದ್ಲು" ಅಂದರು. ಪಕ್ಕದಲ್ಲಿದ್ದ ಸಣ್ಣ ವಯಸ್ಸಿನ ಸೊಸೆ ಸುಮ್ಮನಿರಲಿಲ್ಲ. "ಅಷ್ಟು ಪುಣ್ಯ ಬರತಿದ್ರ ಗೌಡ ತಾನ ಯಾಕ ಹಾರಲಿಲ್ಲ ಅತ್ತಿ?" ಅಂದಳು. ಎಲ್ಲರೂ ಅವಳ ಕಡೆ ನೋಡಿದರು.

ಇಬ್ಬರ ಮಾತೂ ಯೋಚಿಸುವಂಥದ್ದು. ಕೆರೆಗೆ ನೀರು ಬರುವುದು ಮಳೆಯಿಂದ, ಹಳ್ಳದಿಂದ, ಒರತೆಯಿಂದ. ಜೀವ ತೆಗೆದರೆ ನೀರು ಬರುವುದಿಲ್ಲ. ಇದು ಇವತ್ತು ನಮಗೆಲ್ಲ ಗೊತ್ತು. ಹಾಗಾದರೆ ಈ ಹಾಡನ್ನು ಯಾಕೆ ಹಾಡಬೇಕು?

ಹಾಡು ಯಾರ ಜೊತೆ ನಡೆಯುತ್ತದೆ ನೋಡಿ. ಗೌಡನ ಜೊತೆ ಅಲ್ಲ. ಜೋಯಿಸನ ಜೊತೆ ಅಲ್ಲ. ಭಾಗೀರಥಿಯ ಜೊತೆ ನಡೆಯುತ್ತದೆ. ಅವಳು ಬಾಗಿಲಿಂದ ಬಾಗಿಲಿಗೆ ಹೋಗುತ್ತಾಳೆ. ಅಪ್ಪ ಹೊಲದ ಮಾತಾಡುತ್ತಾನೆ. ಅವ್ವ ಒಡವೆಯ ಮಾತಾಡುತ್ತಾಳೆ. ಅವಳ ಎದೆಯೊಳಗೆ ಇರುವುದು ಯಾರಿಗೂ ಕೇಳಿಸುವುದಿಲ್ಲ. ಹಾಡು ಕಟ್ಟಿದ ತಾಯಿ ಗೌಡನನ್ನು ಬಯ್ಯಲಿಲ್ಲ. ಬಯ್ಯುವ ಧೈರ್ಯ ಆ ಕಾಲದಲ್ಲಿ ಎಲ್ಲಿಂದ ಬರಬೇಕು? ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕೇಳಿದವರ ಕರುಳು ಕಿತ್ತು ಬರುವ ಹಾಗೆ ಹೇಳಿದಳು. ಅನ್ಯಾಯ ಮುಚ್ಚಿಹೋಗದ ಹಾಗೆ ಕಾಪಾಡಿದಳು.

ಇಂಥ ಹಾಡು ನಮ್ಮ ನಾಡಿನಲ್ಲಿ ಮಾತ್ರ ಇಲ್ಲ. ಸಮುದ್ರದಾಚೆ ಯುರೋಪಿನಲ್ಲಿ ಸೆರ್ಬಿಯಾ ಎಂಬ ದೇಶ ಇದೆ. ಅಲ್ಲಿಯ ಜನ ಸ್ಕಾದರ್ ಎಂಬ ಕೋಟೆಯ ಹಾಡು ಹಾಡುತ್ತಾರೆ. ಮೂವರು ಅಣ್ಣತಮ್ಮಂದಿರು ಕೋಟೆ ಕಟ್ಟಿಸುತ್ತಾರೆ. ಹಗಲು ಕಟ್ಟಿದ ಗೋಡೆ ರಾತ್ರಿ ಬೀಳುತ್ತದೆ. ಮರುದಿನ ಯಾರ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಗೋಡೆಯಲ್ಲಿ ಸೇರಿಸಬೇಕು, ಹೆಂಡತಿಗೆ ಹೇಳಬಾರದು ಎಂದು ಆಣೆ ಮಾಡುತ್ತಾರೆ. ಇಬ್ಬರು ಅಣ್ಣಂದಿರು ಆಣೆ ಮುರಿದು ಹೆಂಡಿರಿಗೆ ಹೇಳಿಬಿಡುತ್ತಾರೆ. ತಮ್ಮ ಹೇಳುವುದಿಲ್ಲ. ಬುತ್ತಿ ತಂದವಳು ಕಿರಿಯವಳು! ಅವಳನ್ನು ಗೋಡೆಯಲ್ಲಿ ಇಟ್ಟು ಕಟ್ಟುತ್ತಾರೆ. ಎದೆಯ ಹತ್ತಿರ ಕಿಂಡಿ ಬಿಡಿ, ನನ್ನ ಕೂಸಿಗೆ ಹಾಲು ಕುಡಿಸಬೇಕು ಎಂದು ಅವಳು ಬೇಡುತ್ತಾಳೆ.

ಅವರ ಮಾತು ಬೇರೆ, ನಮ್ಮ ಮಾತು ಬೇರೆ. ಆದರೆ ಅಲ್ಲಿಯೂ ಕಿರಿಸೊಸೆಯೇ. ಇಲ್ಲಿಯೂ ಕಿರಿಸೊಸೆಯೇ. ಯಾಕೆ ಹೀಗೆ? ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವರ ಮೇಲೇ ಹೊರೆ ಬೀಳುತ್ತದೆ. ಈ ಮಾತು ಹಾಡಿನಲ್ಲಿ ಬಾಯಿಬಿಟ್ಟು ಹೇಳಿಲ್ಲ. ನಾವೇ ಹುಡುಕಿ ತಿಳಿಯಬೇಕು.

ಹಾಡು ಕೇಳುವ ರೀತಿ

ಯಾವ ಹಾಡು ಕೇಳಿದರೂ ಈ ನಾಲ್ಕು ಮಾತು ಕೇಳಿಕೊಳ್ಳಿ.

1. ಹಾಡಿನಲ್ಲಿ ಮಾತಾಡುವವರು ಯಾರು? ತಾಯಿಯೋ, ಸೊಸೆಯೋ, ಕೂಲಿಯವಳೋ?

2. ಯಾರಿಗೆ ಹೇಳುತ್ತಿದ್ದಾರೆ? ದೇವರಿಗೋ, ಗಂಡನಿಗೋ, ಕಲ್ಲಿಗೋ?

3. ಯಾವಾಗ ಹಾಡುವ ಹಾಡು? ಕೆಲಸದ ಹೊತ್ತಿನದೋ, ಹಬ್ಬದ ದಿನದ್ದೋ, ದುಃಖದ ಹೊತ್ತಿನದೋ?

4. ಹೇಳದೆ ಬಿಟ್ಟ ಮಾತು ಯಾವುದು?

ಸಿನಿಮಾ ಹಾಡಿಗೂ ಇದೇ ಪ್ರಶ್ನೆ ಕೇಳಬಹುದು. ಕೆಲವು ಹಾಡು ಹೆಣ್ಣನ್ನು ಹೀಯಾಳಿಸುತ್ತವೆ. ರಾಗ ಚೆನ್ನಾಗಿದೆ ಎಂದು ನಾವೂ ಗುನುಗುತ್ತೇವೆ. ಹಳೆಯ ಹಾಡಿನಲ್ಲೂ ಹಾಗೆ ಇದೆ. ಗಂಡು ಮಗುವೇ ಬೇಕು ಎನ್ನುವ ಹಾಡು ಇದೆ. ಕಪ್ಪು ಬಣ್ಣದ ಮದುಮಗಳನ್ನು ನಗೆಯಾಡುವ ಹಾಡು ಇದೆ. ಹಳೆಯದು ಎಂದ ಮಾತ್ರಕ್ಕೆ ಎಲ್ಲವೂ ಸರಿಯಲ್ಲ. ಹೊಸದು ಎಂದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ. ಅಕ್ಕಿ ಆರಿಸುವ ಹಾಗೆ ಆರಿಸಿಕೊಳ್ಳಬೇಕು. ಕಲ್ಲು ತೆಗೆಯಬೇಕು. ಅಕ್ಕಿ ಉಳಿಸಬೇಕು.

ಕಲ್ಲು ನಿಂತರೆ ಹಾಡೂ ನಿಲ್ಲುತ್ತದೆಯೇ?

ಈಗ ಬೀಸುವವರು ಇಲ್ಲ. ಗಿರಣಿ ಬಂತು. ಒಳ್ಳೆಯದೇ ಆಯಿತು. ಹೆಣ್ಣುಮಕ್ಕಳ ತೋಳಿನ ನೋವು ತಪ್ಪಿತು. ಆ ಕಷ್ಟ ಮರಳಿ ಬರಲಿ ಎಂದು ಯಾರೂ ಹೇಳಬಾರದು. ಆದರೆ ಕಲ್ಲಿನ ಜೊತೆ ಹಾಡೂ ಮೂಲೆ ಸೇರಿತು.

ನಮ್ಮ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಬೀಸುವ ಪದ ಹೇಳಿ ಎಂದು ಕೇಳಿದೆವು. "ಎಲ್ಲಾ ಮರತೈತಿ" ಅಂದರು. ಎರಡು ದಿನ ಕೇಳಿದರೂ ಅದೇ ಉತ್ತರ. ಮೂರನೆಯ ದಿನ ಒಬ್ಬರ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲು ತೊಳೆದು ತಂದೆವು. ಒಂದು ಹಿಡಿ ಜೋಳ ಹಾಕಿದೆವು. ಅಜ್ಜಿ ಗೂಟ ಹಿಡಿದರು. ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ಹಾಡು ತಾನಾಗಿ ಬಂತು. ಒಂದರ ಹಿಂದೆ ಒಂದು. "ಕಲ್ಲಿಲ್ಲದ ಹಾಡು ಹೆಂಗ ಬರ್ತೈತಿ ಅಕ್ಕೋರ?" ಅಂದರು ಅಜ್ಜಿ. ಹಾಡು ಅವರ ತಲೆಯಲ್ಲಿ ಇರಲಿಲ್ಲ. ತೋಳಿನಲ್ಲಿ ಇತ್ತು.

ಇಂಥ ತಾಯಂದಿರು ನಾಡಿನ ತುಂಬ ಇದ್ದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರ ಸಿರಿಯಜ್ಜಿ ಇದ್ದರು. ಅವರು ಶಾಲೆಗೆ ಹೋದವರಲ್ಲ. ಸಾವಿರಾರು ಹಾಡು ಬರುತ್ತಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಎಂಬ ದೊಡ್ಡ ಗೌರವ ಕೊಟ್ಟಿತು.

ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲ್ಲೂಕಿನ ಬಡಿಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರು. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ ಅವರು. ಸಾರಾಯಿ ಬೇಡ ಎಂದು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹೋರಾಡಿದರು. 2017ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಅವರ ಹಾಡುಗಳನ್ನು ಬಲ್ಲವರು ಮೊದಲೇ ಬರೆದು, ಧ್ವನಿ ಹಿಡಿದು ಇಟ್ಟಿದ್ದರು. ಅಷ್ಟು ಉಳಿಯಿತು.

ನಮ್ಮ ಮನೆಯ ಅಜ್ಜಿಗೆ ಪದ್ಮಶ್ರೀ ಬರಲಿಕ್ಕಿಲ್ಲ. ಅವರ ಹಾಡು ಬರೆದುಕೊಳ್ಳಲು ಪಟ್ಟಣದಿಂದ ಯಾರೂ ಬರಲಿಕ್ಕಿಲ್ಲ. ಅವರು ಹೋದ ದಿನ ಹಾಡೂ ಹೋಗುತ್ತದೆ. ಅದನ್ನು ಉಳಿಸುವವರು ಯಾರು?

ಈಗ ನಿಮ್ಮ ಕೈಯಲ್ಲಿ ಅಕ್ಷರ ಇದೆ.

ಬರೆಯುವುದು ಹೇಗೆ?

ಒಂದು ನೋಟ್ ಪುಸ್ತಕ ತನ್ನಿ. ಅವ್ವ, ಅತ್ತೆ, ಅಜ್ಜಿ, ಪಕ್ಕದ ಮನೆಯ ಹಿರಿಯಮ್ಮ, ಯಾರಾದರೂ ಸರಿ. ಕೆಲಸ ಇಲ್ಲದ ಹೊತ್ತು ನೋಡಿ ಹತ್ತಿರ ಕುಳಿತುಕೊಳ್ಳಿ. ಮೊದಲು ಹಾಡು ಪೂರ್ತಿ ಕೇಳಿ. ಆಮೇಲೆ ಒಂದೊಂದೇ ಸಾಲು ಹೇಳಿಸಿಕೊಂಡು ಬರೆಯಿರಿ.

ಅವರು ಹೇಳಿದ ಹಾಗೆಯೇ ಬರೆಯಿರಿ. ಅವರು 'ಬಂದಾನ' ಎಂದರೆ 'ಬಂದಾನ' ಎಂದೇ ಬರೆಯಿರಿ. 'ಬಂದನು' ಎಂದು ತಿದ್ದಬೇಡಿ. ತಿದ್ದಿದರೆ ತಾಳ ತಪ್ಪುತ್ತದೆ. ಅಜ್ಜಿಯ ಬಾಯಿ ಹೋಗಿ ಪುಸ್ತಕದ ಬಾಯಿ ಬರುತ್ತದೆ.

ಒಂದೇ ಹಾಡನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಬಹುದು. ಯಾವುದು ಸರಿ ಎಂದು ಜಗಳ ಬೇಡ. ಎರಡನ್ನೂ ಬರೆಯಿರಿ. ಎರಡೂ ಸರಿಯೇ.

ಅರ್ಥವಾಗದ ಪದ ಬಂದರೆ ಕೇಳಿ. ಅದರ ಅರ್ಥ ಪಕ್ಕದಲ್ಲಿ ಬರೆಯಿರಿ. ಈ ಹಾಡು ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು ಎಂದೂ ಕೇಳಿ. ಆ ಮಾತಿನಲ್ಲಿ ಇನ್ನೊಂದು ಕಥೆ ಸಿಗುತ್ತದೆ.

ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಬಹುದು. ರಾಗ ಉಳಿಯಲು ಅದು ಬೇಕು. ಆದರೆ ಮೊಬೈಲ್ ನೀರಿಗೆ ಬಿದ್ದರೆ ಹಾಡೂ ಹೋಯಿತು. ಅದಕ್ಕೇ ಬರೆದೂ ಇಡಿ. ಹೇಳಿದವರ ಒಪ್ಪಿಗೆ ಕೇಳಿ. ಕೆಲವು ಹಾಡು ಅವರಿಗೆ ಮಾತ್ರ ಸೇರಿದ್ದು ಇರಬಹುದು. ಬೇಡ ಎಂದರೆ ಬಿಡಿ.

ಎಲ್ಲ ಬರೆದು ಮುಗಿದ ಮೇಲೆ ಕೊನೆಗೆ ಒಂದು ಸಾಲು ಸೇರಿಸಿ. ಹಾಡಿದವರ ಹೆಸರು. ಅವರ ಊರು. ಬರೆದ ತಾರೀಕು. ಕೆಳಗೆ ಬರೆದವರ ಸಹಿ, ಅಂದರೆ ನಿಮ್ಮ ಸಹಿ.

ನಮ್ಮ ಕೇಂದ್ರದ ಆ ಅಜ್ಜಿಯ ಪದಗಳನ್ನು ಅವರ ಸೊಸೆಯೇ ಬರೆದಳು. ಒಟ್ಟು 23 ಪದ ಆದವು. ಕೊನೆಗೆ ಅಜ್ಜಿಯ ಹೆಸರು ಬರೆದು ಓದಿ ತೋರಿಸಿದಳು. ಅಜ್ಜಿ ಆ ಹೆಸರಿನ ಮೇಲೆ ಬೆರಳಾಡಿಸಿದರು. "ಇದು ನಾನ?" ಎಂದು ಕೇಳಿದರು. ಹೌದು ಅಂದೆವು.

ನಮ್ಮ ಹಿಂದಿನ ತಾಯಂದಿರ ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ. ಮುಂದೆ ಹಾಗೆ ಆಗುವುದು ಬೇಡ.

ಯೋಚಿಸಿ, ಹೇಳಿ

1. ಭಾಗೀರಥಿ ತಂದೆ-ತಾಯಿಗೆ ನಿಜ ಯಾಕೆ ಹೇಳಲಿಲ್ಲ? ಗೆಳತಿಗೆ ಯಾಕೆ ಹೇಳಿದಳು?

2. ಹಿರಿಸೊಸೆಯನ್ನು ಯಾಕೆ ಬಿಟ್ಟರು? ಕಿರಿಸೊಸೆಯನ್ನು ಯಾಕೆ ಆರಿಸಿದರು?

3. ಬೇಂದ್ರೆಯವರು ತಾಯಿಯ ಹೆಸರನ್ನು ಇಟ್ಟುಕೊಂಡರು. ನಿಮ್ಮ ಮಕ್ಕಳ ಹೆಸರಿನ ಜೊತೆ ಯಾರ ಹೆಸರು ಇದೆ?

ಮಾಡಿ ನೋಡಿ

ಈ ವಾರ ನಿಮ್ಮ ಮನೆಯ ಹಿರಿಯರಿಂದ ಒಂದು ಹಾಡು ಕೇಳಿ ಬರೆಯಿರಿ. ಅದರ ಹಿಂದಿನ ಕಥೆಯನ್ನು ಐದು ಸಾಲಿನಲ್ಲಿ ಬರೆಯಿರಿ. ಕೇಂದ್ರಕ್ಕೆ ತಂದು ಎಲ್ಲರ ಮುಂದೆ ಓದಿ. ಆಮೇಲೆ ಎಲ್ಲರೂ ಸೇರಿ ಹಾಡಿ.

ಪದಗಳ ಅರ್ಥ

ಅಂಕಿತ – ಹಾಡಿನಲ್ಲಿ ಬರುವ, ಕಟ್ಟಿದವರ ಗುರುತು
ತ್ರಿಪದಿ – ಮೂರು ಸಾಲಿನ ಪದ್ಯ
ಗರತಿ – ಮನೆವಂತೆ, ಗೃಹಿಣಿ
ಶಾಸನ – ಕಲ್ಲಿನ ಮೇಲೆ ಕೆತ್ತಿದ ಬರಹ
ದಂಡು – ಸೈನ್ಯ
ಒರತೆ – ನೆಲದಿಂದ ಒಸರುವ ನೀರು